ಮೂರು ಮಾತ್ರೆ ನುಂಗಿದರೂ ಬಿಪಿ ಇಳಿಯುತ್ತಿಲ್ಲ, ಪೊಟ್ಯಾಸಿಯಂ 2.9: ಆಲ್ಡೋಸ್ಟೀರಾನ್ ಪರೀಕ್ಷೆ ಮಾಡಿಸಿದವರು ಇದ್ದೀರಾ?

ಹೊಳೆದಂಡೆ, ಶ್ರೀರಂಗಪಟ್ಟಣ
ಅಕ್ಕನ ಗಂಡ, ಅಂದರೆ ನಮ್ಮ ಭಾವ, ಪಾಂಡವಪುರದ ಹತ್ತಿರ ಕಬ್ಬು ಬೆಳೆಯುತ್ತಾರೆ. ವಯಸ್ಸು 42. ಬೀಡಿ ಇಲ್ಲ, ಕುಡಿತ ಇಲ್ಲ, ಹೊಟ್ಟೆಯೂ ಬಂದಿಲ್ಲ. ಆದರೂ ಬಿಪಿ 170/105ರ ಆಸುಪಾಸಿನಿಂದ ಕದಲುತ್ತಿಲ್ಲ. ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಕ್ಲೋರ್ಥಾಲಿಡೋನ್ ಮೂರೂ ನಡೆಯುತ್ತಿವೆ. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತಾರೆ. ಕಾಲಿನಲ್ಲಿ ಶಕ್ತಿಯೇ ಇಲ್ಲ ಎನ್ನುತ್ತಾರೆ, ಮೀನಖಂಡ ಹಿಡಿದುಕೊಳ್ಳುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ 2.9 ಬಂದಿದೆ. ಮೈಸೂರಿನ ವೈದ್ಯರೊಬ್ಬರು ಆಲ್ಡೋಸ್ಟೀರಾನ್, ರೆನಿನ್ ಎರಡನ್ನೂ ಪರೀಕ್ಷಿಸಬೇಕೆಂದು ಬರೆದುಕೊಟ್ಟಿದ್ದಾರೆ.

ಮನೆಯಲ್ಲಿ ಯಾರೂ ಈ ಹೆಸರನ್ನೇ ಕೇಳಿಲ್ಲ. ಭಾವನ ತಾಯಿಯ ಪ್ರಕಾರ ಇದು ರಾತ್ರಿ ನಿದ್ದೆಗೆಟ್ಟು ಗದ್ದೆಗೆ ನೀರು ಹಾಯಿಸಿದ್ದರ ಫಲ. ಅಕ್ಕನ ಪ್ರಕಾರ ಉಪ್ಪಿನಕಾಯಿಯ ಫಲ. ಭಾವನ ಪ್ರಕಾರ ಡಾಕ್ಟರ ಬಳಿ ಹೋಗಿದ್ದರ ಫಲ. ಪರೀಕ್ಷೆಯೋ ಮಾಮೂಲಿ ರಕ್ತಪರೀಕ್ಷೆಗಿಂತ ದುಬಾರಿ. ಈ ಹಾರ್ಮೋನು ದೇಹದಲ್ಲಿ ಏನು ಮಾಡುತ್ತದೆ? ಪರೀಕ್ಷೆಗೆ ಖರ್ಚು ಮಾಡುವುದು ಸಾರ್ಥಕವೇ? ತಿಳಿದವರು ಹೇಳಿ.

ಸಪ್ಪೆ ಊಟ
ಉಪ್ಪು ಬಿಡಲಿ, ಎಲ್ಲ ಸರಿಹೋಗುತ್ತದೆ. ಪರೀಕ್ಷೆಯ ದುಡ್ಡೂ ಉಳಿಯುತ್ತದೆ.

ಒಂಟಿಕೊಪ್ಪಲ್ ವಾದಿ
ಲ್ಯಾಬ್‌ಗಳ ವ್ಯಾಪಾರ ಸ್ವಾಮಿ ಇದು. ಕ್ಲೋರ್ಥಾಲಿಡೋನ್ ನುಂಗಿದರೆ ಮೂತ್ರದಲ್ಲಿ ಪೊಟ್ಯಾಸಿಯಂ ಹೋಗಿಯೇ ಹೋಗುತ್ತದೆ. ಆ ಮಾತ್ರೆ ಬದಲಿಸಿದರೆ ಮುಗಿಯಿತು. ಅದಕ್ಕೊಂದು ಹಾರ್ಮೋನ್ ಪುರಾಣ ಯಾಕೆ?

ಹೊಳೆದಂಡೆ, ಶ್ರೀರಂಗಪಟ್ಟಣ
@ವಾದಿ ಸರ್, ಆ ಮಾತ್ರೆ ಶುರುವಾಗುವ ಮೊದಲೇ ಪೊಟ್ಯಾಸಿಯಂ 3.1 ಇತ್ತು. ಹಳೆಯ ಚೀಟಿ ನಿನ್ನೆ ಅಕ್ಕನ ಬೀರುವಿನಲ್ಲಿ ಸಿಕ್ಕಿತು. ಆಗ ಯಾರೂ ಅದನ್ನು ಗಮನಿಸಿರಲಿಲ್ಲ.

ಡ್ಯೂಟಿ ಡಾಕ್ಟರ್
ಹಾಗಿದ್ದರೆ ಚರ್ಚೆಯೇ ಬೇಡ, ಮಾಡಿಸಿ. ಪೊಟ್ಯಾಸಿಯಂ 3.5ರಿಂದ 5ರ ನಡುವೆ ಇರಬೇಕು. ಇನ್ನೊಂದು ವಿಷಯವನ್ನೂ ಗಮನಿಸಿ: ಟೆಲ್ಮಿಸಾರ್ಟಾನ್ ಸಾಮಾನ್ಯವಾಗಿ ಪೊಟ್ಯಾಸಿಯಂ ಅನ್ನು ತುಸು ಮೇಲಕ್ಕೇ ತಳ್ಳುವ ಮಾತ್ರೆ. ಅದು ಇದ್ದೂ 2.9 ಎಂದರೆ ಎಲ್ಲೋ ಜೋರಾಗಿ ಸೋರುತ್ತಿದೆ. ನಿಮ್ಮ ವೈದ್ಯರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಅಷ್ಟು ಕಡಿಮೆ ಇರುವಾಗ ಹೃದಯದ ಬಡಿತ ತಪ್ಪುವ ಅಪಾಯವಿದೆ. ಪರೀಕ್ಷೆಗೆ ಕಾಯದೆ ಪೊಟ್ಯಾಸಿಯಂ ಔಷಧ ಕೊಟ್ಟಿದ್ದಾರೆಯೇ ಎಂದು ನೋಡಿ.

ನಿವೃತ್ತ ಮೇಷ್ಟ್ರು, ಕುವೆಂಪುನಗರ
ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟವನು ನಾನು. ಔಷಧದ ಮಾತು ಡಾಕ್ಟರರಿಗೆ ಬಿಡುತ್ತೇನೆ, ಹಾರ್ಮೋನಿನ ಮಾತು ಹೇಳುತ್ತೇನೆ.

ಎರಡು ಮೂತ್ರಪಿಂಡಗಳ ತಲೆಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿದೆ. ಒಂದರ ತೂಕ ನಾಲ್ಕೈದು ಗ್ರಾಂ, ಅಷ್ಟೆ. ಅದರ ಹೊರಪದರದ ತೀರ ಅಂಚಿನಲ್ಲಿ ತಯಾರಾಗುವುದು ಆಲ್ಡೋಸ್ಟೀರಾನ್. ದಿನಕ್ಕೆ ಸುಮಾರು 100ರಿಂದ 150 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ ಏಳೆಂಟನೇ ಒಂದು ಪಾಲು. 1953ರಲ್ಲಿ ಲಂಡನ್ನಿನ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್, ಬಾಸೆಲ್‌ನ ರಸಾಯನಶಾಸ್ತ್ರಜ್ಞರ ಜೊತೆ ಸೇರಿ, ದನದ ಅಡ್ರಿನಲ್ ಗ್ರಂಥಿಗಳಿಂದ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು.

ಇದರ ಕೆಲಸ ಉಪ್ಪನ್ನು ಉಳಿಸುವುದು. ಉಪ್ಪು ಕಡಿಮೆಯಾದಾಗ ಮೂತ್ರಪಿಂಡ ರೆನಿನ್ ಎಂಬ ಕಿಣ್ವವನ್ನು ಬಿಟ್ಟು ಇದನ್ನು ಏರಿಸುತ್ತದೆ. ರೆನಿನ್ ಇಳಿದರೂ ಇದು ಏರಿಯೇ ಇದ್ದರೆ ಗ್ರಂಥಿ ಮಾತು ಕೇಳುತ್ತಿಲ್ಲ ಎಂದರ್ಥ. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಕರಗಿರುವ ಉಪ್ಪು ಹೆಚ್ಚುಕಡಿಮೆ ಒಂದೂವರೆ ಕಿಲೋ! ಅಷ್ಟನ್ನೂ ಮೂತ್ರಕ್ಕೆ ಬಿಟ್ಟರೆ ಸಂಜೆಯೊಳಗೆ ಮನುಷ್ಯ ಇರುವುದಿಲ್ಲ. ಹೆಚ್ಚಿನ ಪಾಲನ್ನು ನಳಿಕೆಗಳು ಹಾರ್ಮೋನಿನ ಅಪ್ಪಣೆಗೆ ಕಾಯದೆ ವಾಪಸು ಹೀರಿಕೊಳ್ಳುತ್ತವೆ. ಕಟ್ಟಕಡೆಯ ಎರಡು ಮೂರು ಶೇಕಡಾ ಮಾತ್ರ ಆಲ್ಡೋಸ್ಟೀರಾನ್ ಹೇಳಿದಂತೆ ಕೇಳುತ್ತದೆ. ನಮ್ಮ ವಿಶ್ವೇಶ್ವರಯ್ಯ ನಾಲೆಯ ಕೊನೆಯ ತೂಬು ಇದ್ದಂತೆ. ಆ ತೂಬಿನ ಲೆಕ್ಕ ಚಿಕ್ಕದು ಎನ್ನಬೇಡಿ. ಅದರಲ್ಲಿ ಹೋಗುವ ಉಪ್ಪು ದಿನಕ್ಕೆ ಮೂವತ್ತು ಗ್ರಾಂ ದಾಟಬಹುದು, ನಾವು ತಿನ್ನುವುದಕ್ಕಿಂತ ಹೆಚ್ಚು.

ಸೋಡಿಯಂ ಒಳಕ್ಕೆ ಬರುವಾಗ ಅದರ ಬದಲಿಗೆ ಪೊಟ್ಯಾಸಿಯಂ ಹೊರಕ್ಕೆ ಹೋಗುತ್ತದೆ. ಹಾರ್ಮೋನು ಮಿತಿಮೀರಿದರೆ ಉಪ್ಪು ನಿಲ್ಲುತ್ತದೆ, ಅದರ ಹಿಂದೆ ನೀರು ನಿಲ್ಲುತ್ತದೆ, ಬಿಪಿ ಏರುತ್ತದೆ, ಪೊಟ್ಯಾಸಿಯಂ ಬರಿದಾಗುತ್ತದೆ. ಸ್ನಾಯುಗಳಿಗೆ ಪೊಟ್ಯಾಸಿಯಂ ಇಲ್ಲದಿದ್ದರೆ ಕಾಲು ಸೋಲುತ್ತದೆ. ಮೂತ್ರಪಿಂಡಕ್ಕೂ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಕುಗ್ಗುತ್ತದೆ, ಅದಕ್ಕೇ ನಿಮ್ಮ ಭಾವ ರಾತ್ರಿ ಏಳುವುದು.

ಮಳವಳ್ಳಿ ಕೊನೆಭಾಗ
ಮೇಷ್ಟ್ರೇ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ತೂಬಿಗೆ ನೀರು ತಲುಪುವುದೇ ಇಲ್ಲ. ಉದಾಹರಣೆ ಬದಲಿಸಿ.

ನಿವೃತ್ತ ಮೇಷ್ಟ್ರು, ಕುವೆಂಪುನಗರ
ನಿಮ್ಮ ಸಂಕಟ ಅರ್ಥವಾಗುತ್ತದೆ. ಉದಾಹರಣೆ ಹಾಗೆಯೇ ಇರಲಿ, ನಾಲೆ ರಿಪೇರಿ ಆಗಲಿ.

ಗೊಂದಲ ಗಂಗೋತ್ರಿ
ಒಂದು ಅನುಮಾನ. ಉಪ್ಪು, ನೀರು ಎರಡೂ ನಿಂತರೆ ಮೈ ಊದಿಕೊಳ್ಳಬೇಕಲ್ಲವೇ? ಅವರ ಭಾವನಿಗೆ ಕಾಲು ಊದಿದೆ ಎಂದು ಎಲ್ಲೂ ಬರೆದಿಲ್ಲ.

ಡ್ಯೂಟಿ ಡಾಕ್ಟರ್
ಒಳ್ಳೆಯ ಪ್ರಶ್ನೆ. ಮೊದಲ ಕೆಲವು ದಿನ ಉಪ್ಪು ಶೇಖರವಾಗುತ್ತದೆ, ತೂಕ ಸ್ವಲ್ಪ ಏರುತ್ತದೆ. ಆಮೇಲೆ ಏರಿದ ಬಿಪಿಯ ಒತ್ತಡಕ್ಕೇ ಮೂತ್ರಪಿಂಡ ಉಪ್ಪನ್ನು ಬಿಡತೊಡಗುತ್ತದೆ. ಹಿಗ್ಗಿದ ಹೃದಯದ ಮೇಲಿನ ಕೋಣೆಗಳೂ ಉಪ್ಪು ಹೊರಹಾಕುವ ಬೇರೊಂದು ಹಾರ್ಮೋನನ್ನು ಸುರಿಸುತ್ತವೆ. ಹೀಗೆ ಉಪ್ಪಿನ ಮಟ್ಟಿಗೆ ದೇಹ ತಪ್ಪಿಸಿಕೊಳ್ಳುತ್ತದೆ. ಪೊಟ್ಯಾಸಿಯಂ ಸೋರಿಕೆಗೆ ಮಾತ್ರ ಇಂಥ ಬಿಡುಗಡೆ ಇಲ್ಲ. ಆದ್ದರಿಂದ ಊತವಿಲ್ಲ ಎಂಬ ಕಾರಣಕ್ಕೆ ಈ ಕಾಯಿಲೆಯನ್ನು ತಳ್ಳಿಹಾಕಬಾರದು.

ಎಳನೀರು, ಮದ್ದೂರು
ಪೊಟ್ಯಾಸಿಯಂ ಕಡಿಮೆ ಎಂದರೆ ಇಷ್ಟು ಚರ್ಚೆ ಯಾಕೆ? ಬೆಳಗ್ಗೆ ಎರಡು, ಸಂಜೆ ಎರಡು ಎಳನೀರು. ನಮ್ಮ ಮಾರುಕಟ್ಟೆಗೆ ಬನ್ನಿ, ಲೋಡುಗಟ್ಟಲೆ ಇದೆ. ಹೊರರಾಜ್ಯದವರು ಲಾರಿಯಲ್ಲಿ ಒಯ್ಯುತ್ತಾರೆ, ಪಕ್ಕದ ಪಾಂಡವಪುರದವರು ಮಾತ್ರೆ ನುಂಗುತ್ತಾರೆ.

ಡಯಾಲಿಸಿಸ್ ಸಿಸ್ಟರ್
ಅಣ್ಣ, ವ್ಯಾಪಾರ ಚೆನ್ನಾಗಿ ಆಗಲಿ, ಆದರೆ ಈ ಸಲಹೆಯನ್ನು ಎಲ್ಲರಿಗೂ ಹಂಚಬೇಡಿ. ನೂರು ಮಿಲಿ ಎಳನೀರಿನಲ್ಲಿ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಇವರ ಭಾವನಿಗೆ ಕುಡಿದಷ್ಟೂ ಮೂತ್ರದಲ್ಲಿ ಹೋಗುತ್ತದೆ, ಮೂಲ ಸೋರಿಕೆ ನಿಲ್ಲುವುದಿಲ್ಲ. ಮೂತ್ರಪಿಂಡ ಸೋತವರಿಗೆ ಕುಡಿಸಿದರೆ ಹೊರಗೆ ಹೋಗದೆ ರಕ್ತದಲ್ಲೇ ಏರುತ್ತದೆ. ನಮ್ಮ ವಾರ್ಡಿಗೆ ಬೇಸಗೆಯಲ್ಲಿ ಹಾಗೆ ಬಂದವರಿದ್ದಾರೆ. ನೋಡಲು ಬಂದ ನೆಂಟರು ಪ್ರೀತಿಯಿಂದ ಎಳನೀರು ತಂದು ಕುಡಿಸಿರುತ್ತಾರೆ, ರೋಗಿಯ ಇಸಿಜಿ ನೋಡಿ ನಮ್ಮ ಎದೆ ಹಾರುತ್ತದೆ.

ಎಳನೀರು, ಮದ್ದೂರು
ಸಿಸ್ಟರ್, ಕಿಡ್ನಿ ಕೆಟ್ಟವರಿಗೆ ನಾನು ಹೇಳಲಿಲ್ಲ.

ಡಯಾಲಿಸಿಸ್ ಸಿಸ್ಟರ್
ಅರ್ಧದಷ್ಟು ಜನಕ್ಕೆ ತಮ್ಮ ಕಿಡ್ನಿ ಕೆಟ್ಟಿರುವುದು ಗೊತ್ತೇ ಇರುವುದಿಲ್ಲ ಅಣ್ಣ. ಅದೇ ತೊಂದರೆ.

ಲ್ಯಾಬ್ ಕೆಲಸದವಳು
ಪರೀಕ್ಷೆಗೆ ಹೋಗುವ ಮುನ್ನ ಕೆಲವು ಮಾತು. ಇದು ಸಕ್ಕರೆ ಪರೀಕ್ಷೆಯ ಹಾಗೆ ಓಡಿಬಂದು ಕೈ ಚಾಚುವ ಪರೀಕ್ಷೆ ಅಲ್ಲ.

ಬೆಳಗ್ಗೆ ಎದ್ದು ಎರಡು ಗಂಟೆಯಾದರೂ ಓಡಾಡಿಕೊಂಡಿರಬೇಕು, ಆಮೇಲೆ ಹತ್ತು ನಿಮಿಷ ಸುಮ್ಮನೆ ಕೂತು ರಕ್ತ ಕೊಡಬೇಕು. ಮಲಗಿರುವಾಗ ಒಂದು ಲೆಕ್ಕ, ನಿಂತಾಗ ಇನ್ನೊಂದು ಲೆಕ್ಕ ಬರುತ್ತದೆ. ರಕ್ತ ತೆಗೆಯುವಾಗ ಮುಷ್ಟಿಯನ್ನು ಬಿಗಿದು ಬಿಡುವ ವ್ಯಾಯಾಮ ಬೇಡ, ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ರೆನಿನ್ ಮಾದರಿಯನ್ನು ಮಂಜುಗಡ್ಡೆಯಲ್ಲಿ ಇಟ್ಟರೆ ರಕ್ತದಲ್ಲಿ ನಿಷ್ಕ್ರಿಯವಾಗಿರುವ ರೆನಿನ್ ಎಚ್ಚೆತ್ತು ಲೆಕ್ಕ ಕೆಡುತ್ತದೆ. ಮನೆಗೆ ಬಂದು ರಕ್ತ ತೆಗೆಯುವ ಹುಡುಗರಿಗೆ ಇದು ಗೊತ್ತಿರುವುದಿಲ್ಲ, ಎಲ್ಲ ಮಾದರಿಗಳ ಜೊತೆ ತಣ್ಣನೆಯ ಡಬ್ಬಿಗೆ ಹಾಕಿಬಿಡುತ್ತಾರೆ. ನೇರವಾಗಿ ಲ್ಯಾಬ್‌ಗೆ ಹೋಗಿ ಕೊಡುವುದು ಒಳ್ಳೆಯದು.

ಪೊಟ್ಯಾಸಿಯಂ ಕಡಿಮೆ ಇದ್ದಾಗಲೇ ಪರೀಕ್ಷೆ ಮಾಡಿಸಬೇಡಿ. ಕಡಿಮೆ ಪೊಟ್ಯಾಸಿಯಂ ಆಲ್ಡೋಸ್ಟೀರಾನ್ ಅನ್ನು ತಗ್ಗಿಸುತ್ತದೆ, ಇರುವ ಕಾಯಿಲೆ ಇಲ್ಲವೆಂದು ಬರಬಹುದು. ಮೊದಲು ಸರಿಪಡಿಸಿಕೊಂಡು ಬನ್ನಿ. ಮೇಲೆ ಒಬ್ಬರು "ಉಪ್ಪು ಬಿಡಲಿ" ಎಂದಿದ್ದಾರೆ, ಪರೀಕ್ಷೆಯ ಮುಂಚೆ ಅದನ್ನು ಮಾಡಲೇಬೇಡಿ. ಉಪ್ಪು ಬಿಟ್ಟರೆ ರೆನಿನ್ ಏರಿ ಲೆಕ್ಕ ತಲೆಕೆಳಗಾಗುತ್ತದೆ.

ಮಾತ್ರೆಗಳ ವಿಷಯ: ಆಲ್ಡೋಸ್ಟೀರಾನ್‌ಗೆ ಅಡ್ಡ ನಿಲ್ಲುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ನುಂಗುತ್ತಿದ್ದರೆ ಸಾಮಾನ್ಯವಾಗಿ ನಾಲ್ಕು ವಾರ ನಿಲ್ಲಿಸಿ ಪರೀಕ್ಷಿಸುತ್ತಾರೆ. ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯವು ರೆನಿನ್ ಇಳಿಸಿ ಸುಳ್ಳು ಗಾಬರಿ ಹುಟ್ಟಿಸಬಹುದು. ಟೆಲ್ಮಿಸಾರ್ಟಾನ್ ಇದ್ದರೆ ರೆನಿನ್ ಏರಬೇಕು. ಅದು ಇದ್ದೂ ರೆನಿನ್ ನೆಲಕಚ್ಚಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಸಪ್ಪೆ ಊಟ
ಉಪ್ಪು ಬಿಡಬೇಡಿ ಎಂದು ಬಿಪಿ ರೋಗಿಗೆ ಹೇಳುವುದನ್ನು ಇವತ್ತೇ ಕೇಳಿದ್ದು. ಕಾಲ ಕೆಟ್ಟಿತು.

ಲ್ಯಾಬ್ ಕೆಲಸದವಳು
ಪರೀಕ್ಷೆ ಮುಗಿದ ಮೇಲೆ ಬಿಡಲಿ ಸ್ವಾಮಿ, ಯಾರು ಬೇಡ ಎಂದರು?

ಚಾಮುಂಡಿಪುರಂ ಅಕ್ಕ
ನಮ್ಮ ಯಜಮಾನರಿಗೆ ಇದೇ ಆಗಿತ್ತು, ಅನುಭವ ಹೇಳುತ್ತೇನೆ. ವರ್ಷಗಟ್ಟಲೆ ನಾಲ್ಕು ಬಗೆಯ ಮಾತ್ರೆ. ಪ್ರತಿ ಸಲ ಹೋದಾಗಲೂ ಪ್ರಮಾಣ ಹೆಚ್ಚು, ಜೊತೆಗೆ "ಟೆನ್ಷನ್ ಕಡಿಮೆ ಮಾಡಿಕೊಳ್ಳಿ" ಎಂಬ ಉಪದೇಶ. ಆ ಉಪದೇಶದಿಂದಲೇ ಮನೆಯಲ್ಲಿ ಜಗಳ ಹೆಚ್ಚಾಯಿತು, ಏಕೆಂದರೆ ಟೆನ್ಷನ್ ನಾನೇ ಕೊಡುತ್ತಿದ್ದೇನೆ ಎಂದು ಅತ್ತೆಯವರು ತೀರ್ಮಾನಿಸಿದರು! ಕೊನೆಗೆ ಅಂತಃಸ್ರಾವ ತಜ್ಞರೊಬ್ಬರು ಈ ಪರೀಕ್ಷೆ ಮಾಡಿಸಿದರು. ಎಡಗಡೆಯ ಅಡ್ರಿನಲ್‌ನಲ್ಲಿ ಚಿಕ್ಕದೊಂದು ಗಡ್ಡೆ. ಕ್ಯಾನ್ಸರ್ ಅಲ್ಲ.

ಸಿಟಿ ಸ್ಕ್ಯಾನಿನಲ್ಲಿ ಗಡ್ಡೆ ಕಂಡ ಕೂಡಲೇ ಆಪರೇಷನ್ ಮಾಡಲಿಲ್ಲ. ಬೆಂಗಳೂರಿಗೆ ಕಳಿಸಿ, ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಎರಡೂ ಗ್ರಂಥಿಗಳ ರಕ್ತವನ್ನು ಬೇರೆ ಬೇರೆಯಾಗಿ ತೆಗೆದು ನೋಡಿದರು. ಎಡದಲ್ಲೇ ಹೆಚ್ಚು ಎಂದು ಖಾತ್ರಿಯಾದ ಮೇಲೆ ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆ. ಬೇಗ ಮನೆಗೆ ಬಂದರು. ಈಗ ಒಂದೇ ಮಾತ್ರೆ. ಪೊಟ್ಯಾಸಿಯಂ ಸಿರಪ್ಪಿನ ಆ ಕೆಟ್ಟ ರುಚಿಯಿಂದ ಬಿಡುಗಡೆಯಾಗಿದ್ದೇ ಅವರಿಗೆ ದೊಡ್ಡ ಸಂತೋಷ.

ಒಂಟಿಕೊಪ್ಪಲ್ ವಾದಿ
ಸ್ಕ್ಯಾನಿನಲ್ಲಿ ಗಡ್ಡೆ ಕಂಡ ಮೇಲೂ ಬೆಂಗಳೂರಿಗೆ ಕಳಿಸಿ ಇನ್ನೊಂದು ಬಿಲ್ಲು. ನಾನು ಹೇಳಿದ್ದು ಇದನ್ನೇ.

ಡ್ಯೂಟಿ ಡಾಕ್ಟರ್
@ವಾದಿ, ಆ ಬಿಲ್ಲು ತಪ್ಪು ಆಪರೇಷನ್ ಆಗದಂತೆ ಕಾಯುವ ಬಿಲ್ಲು. ವಯಸ್ಸಾಗುತ್ತಾ ಹೋದಂತೆ ಅಡ್ರಿನಲ್‌ನಲ್ಲಿ ಯಾವ ಹಾರ್ಮೋನೂ ಸುರಿಸದ ಸೋಮಾರಿ ಗಂಟುಗಳು ಬಹಳ ಜನರಿಗೆ ಇರುತ್ತವೆ. ಗಂಟು ಎಡಗಡೆ ಕಾಣುತ್ತದೆ, ಹಾರ್ಮೋನು ಎರಡೂ ಕಡೆಯಿಂದ ಸುರಿಯುತ್ತಿರುತ್ತದೆ. ಸ್ಕ್ಯಾನ್ ನಂಬಿ ಕತ್ತರಿಸಿದರೆ ಗ್ರಂಥಿಯೂ ಹೋಯಿತು, ಬಿಪಿಯೂ ಹಾಗೇ ಉಳಿಯಿತು. ರಕ್ತನಾಳದಿಂದ ಮಾದರಿ ತೆಗೆಯುವುದು ಎಲ್ಲ ಊರಿನಲ್ಲೂ ಆಗುವ ಕೆಲಸವಲ್ಲ. ಎಡಗಡೆಯ ಅಡ್ರಿನಲ್ ಅಭಿಧಮನಿ ಮೂತ್ರಪಿಂಡದ ಅಭಿಧಮನಿಗೆ ಸೇರುತ್ತದೆ, ಸುಲಭವಾಗಿ ಸಿಗುತ್ತದೆ. ಬಲಗಡೆಯದು ಬಹಳ ಗಿಡ್ಡ, ನೇರವಾಗಿ ಮಹಾಭಿಧಮನಿಗೇ ಸೇರುತ್ತದೆ. ಅದನ್ನು ಹುಡುಕಿ ಕೊಳವೆ ಕೂರಿಸಲು ಪಳಗಿದ ಕೈ ಬೇಕು.

ಲ್ಯಾಬ್ ವ್ಯಾಪಾರದ ವಾದಕ್ಕೆ ಉತ್ತರ: 1954ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೆರೋಮ್ ಕಾನ್ ಅವರ ಬಳಿಗೆ 34 ವರ್ಷದ ಮಹಿಳೆಯೊಬ್ಬರು ಬಂದಿದ್ದರು. ಸ್ನಾಯುಗಳ ನಿಶ್ಶಕ್ತಿ, ಸೆಳೆತ, ಏರಿದ ಬಿಪಿ, ಬಿದ್ದುಹೋದ ಪೊಟ್ಯಾಸಿಯಂ, ಥೇಟ್ ಪಾಂಡವಪುರದ ಭಾವನ ಕಥೆ. ಗಡ್ಡೆ ತೆಗೆದ ಮೇಲೆ ಆಕೆ ಗುಣವಾದರು. ಅಧಿಕ ರಕ್ತದೊತ್ತಡದವರಲ್ಲಿ ಐದರಲ್ಲಿ ಒಬ್ಬರಿಗೆ ಇದೇ ಕಾರಣ ಇರಬಹುದು ಎಂದು 1960ರ ದಶಕದಲ್ಲಿ ಕಾನ್ ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ. ದಶಕಗಳ ಕಾಲ "ಬಹಳ ಅಪರೂಪದ ಕಾಯಿಲೆ" ಎಂದೇ ನಮಗೆ ಪಾಠ ಹೇಳಿದರು. ಈಗಿನ ಲೆಕ್ಕದಲ್ಲಿ ಸಾಮಾನ್ಯ ಬಿಪಿ ರೋಗಿಗಳಲ್ಲಿ ಶೇ 5ರಿಂದ 10, ಮೂರು ಮಾತ್ರೆಗೂ ಬಗ್ಗದವರಲ್ಲಿ ಸುಮಾರು ಶೇ 20. ಈ ಕಾಯಿಲೆ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಪೊಟ್ಯಾಸಿಯಂ ಸರಿಯಾಗಿಯೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನವೇ ಬರುವುದಿಲ್ಲ. ಬಿಪಿ ಇರುವ ಎಲ್ಲರಿಗೂ ಈ ಪರೀಕ್ಷೆ ಮಾಡಬಹುದು ಎಂದು 2025ರಲ್ಲಿ ಅಮೆರಿಕದ ಎಂಡೋಕ್ರೈನ್ ಸೊಸೈಟಿಯೇ ಸೂಚಿಸಿದೆ.

ಬಿಪಿಯ ಅಂಕಿ ಒಂದೇ ಇದ್ದರೂ ಈ ಹಾರ್ಮೋನಿನಿಂದ ಬಂದ ಬಿಪಿ ಹೃದಯ, ಮಿದುಳು, ಮೂತ್ರಪಿಂಡಗಳನ್ನು ಹೆಚ್ಚು ಹಾಳುಮಾಡುತ್ತದೆ. ಪಾರ್ಶ್ವವಾಯು, ಹೃದಯದ ತಾಳ ತಪ್ಪುವಿಕೆ ಎರಡೂ ಇವರಲ್ಲಿ ಜಾಸ್ತಿ. ಒಂದು ಪರೀಕ್ಷೆಯ ದುಡ್ಡು ಇದರ ಮುಂದೆ ದೊಡ್ಡದಲ್ಲ.

ಒಂಟಿಕೊಪ್ಪಲ್ ವಾದಿ
ಎಲ್ಲರಿಗೂ ಮಾಡಿ ಎಂದರೆ ವ್ಯಾಪಾರ ಎಂದಂತೆಯೇ ಆಯಿತಲ್ಲ. ಆದರೆ ಈ ಭಾವನಿಗೆ ಮಾಡಿಸಲಿ, ನನ್ನ ಅಡ್ಡಿ ಇಲ್ಲ.

ಹುರುಳಿಕಟ್ಟು
ಎಲ್ಲರೂ ಉಪ್ಪನ್ನು ಬೈಯುತ್ತಿದ್ದೀರಿ, ಪಾಂಡವಪುರ ಎಂದ ಕೂಡಲೇ ಉಪ್ಪುಸಾರಿನ ಮೇಲೆ ಕಣ್ಣು ಹೋಗಿರುತ್ತದೆ. ಸ್ಪಷ್ಟಪಡಿಸುತ್ತೇನೆ: ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದು, ಬೆಳ್ಳುಳ್ಳಿ, ಮೆಣಸಿನಕಾಯಿ, ಹುಣಸೆ ಅರೆದ ಖಾರದ ಜೊತೆ ಮುದ್ದೆ ಉಣ್ಣುವುದು ಉಪ್ಪುಸಾರು. ಹೆಸರಿನಲ್ಲಿ ಉಪ್ಪಿದೆ ಎಂದು ಅದನ್ನು ಗಲ್ಲಿಗೇರಿಸಬೇಡಿ. ಮೈಸೂರಿನ ಬೇಕರಿ ಬ್ರೆಡ್ಡು, ಕಾಂಗ್ರೆಸ್ ಕಡಲೆಕಾಯಿ, ಚಿಪ್ಸ್ ಲೆಕ್ಕ ಹಾಕಿ ಆಮೇಲೆ ಮಾತನಾಡಿ.

ಗೊಂದಲ ಗಂಗೋತ್ರಿ
ಆ ಖಾರಕ್ಕೆ ಮೆಣಸು, ಜೀರಿಗೆ ಇಲ್ಲದೆ ಹೇಗೆ? ನಮ್ಮ ಮನೆಯಲ್ಲಿ ಹಾಕುತ್ತಾರೆ.

ಹುರುಳಿಕಟ್ಟು
ಹಾಕಿ, ಬೇಡ ಎನ್ನಲಿಲ್ಲ. ಕೊಬ್ಬರಿ ಹಾಕಿದವರನ್ನು ಮಾತ್ರ ಕ್ಷಮಿಸುವುದಿಲ್ಲ.

ನಿವೃತ್ತ ಮೇಷ್ಟ್ರು, ಕುವೆಂಪುನಗರ
ಸಾರು ಬಿಟ್ಟು ಉಪ್ಪಿಗೆ ಬರೋಣ. ಅಮೆಜಾನ್ ಕಾಡಿನ ಯಾನೊಮಾಮಿ ಜನ ಅಡುಗೆಗೆ ಉಪ್ಪನ್ನೇ ಬಳಸುತ್ತಿರಲಿಲ್ಲ. ಅವರ ಮೂತ್ರದಲ್ಲಿ ಸೋಡಿಯಂ ಹುಡುಕಿದರೂ ಸಿಗದಷ್ಟು ಕಡಿಮೆ. ಸಿಕ್ಕ ಚೂರುಪಾರು ಉಪ್ಪನ್ನು ಕಾಪಾಡಿಕೊಳ್ಳಲು ಅವರ ದೇಹದಲ್ಲಿ ರೆನಿನ್, ಆಲ್ಡೋಸ್ಟೀರಾನ್ ಎರಡೂ ಬಹಳ ಎತ್ತರದಲ್ಲಿದ್ದವು. ಆದರೆ ಬಿಪಿ? 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ ಅವರ ಸರಾಸರಿ 95/61ರಷ್ಟು, ವಯಸ್ಸಾದರೂ ಏರಿಕೆಯಿಲ್ಲ. ಅಂದರೆ ಬರೀ ಹಾರ್ಮೋನು ಹೆಚ್ಚಿದ್ದರೆ ಕೆಡುಕಿಲ್ಲ. ಉಪ್ಪು ಬೇಕಾದಷ್ಟು ಇರುವಾಗಲೂ ಅಡಗದೆ ಸುರಿಯುವ ಹಾರ್ಮೋನು ಕೆಡುಕು. ಸಪ್ಪೆ ಊಟದವರ ಮಾತಿನಲ್ಲಿ ಅಷ್ಟು ಸತ್ಯ ಇದೆ: ಈ ಕಾಯಿಲೆಯವರಿಗೆ ಉಪ್ಪು ಕಡಿಮೆ ಮಾಡಿದರೆ ಪೊಟ್ಯಾಸಿಯಂ ಸೋರಿಕೆಯೂ ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ.

ಸಪ್ಪೆ ಊಟ
ಧನ್ಯವಾದ ಮೇಷ್ಟ್ರೇ. ನಮ್ಮ ಮನೆಯಲ್ಲಿ ಇಂದುಪ್ಪು ಮಾತ್ರ ಬಳಸುತ್ತೇವೆ, ಅದರಲ್ಲಿ ಸೋಡಿಯಂ ಇರುವುದಿಲ್ಲ.

ಲ್ಯಾಬ್ ಕೆಲಸದವಳು
ಇಂದುಪ್ಪಿನಲ್ಲಿ ಇರುವುದೂ ಬಹುಪಾಲು ಸೋಡಿಯಂ ಕ್ಲೋರೈಡೇ ಸ್ವಾಮಿ. ಗುಲಾಬಿ ಬಣ್ಣಕ್ಕೆ ಮೋಸಹೋಗಬೇಡಿ.

ಡಯಾಲಿಸಿಸ್ ಸಿಸ್ಟರ್
ಅಂಗಡಿಯಲ್ಲಿ "ಸೋಡಿಯಂ ಕಡಿಮೆ" ಎಂದು ಬರುವ ಉಪ್ಪಿನ ಬಗ್ಗೆಯೂ ಎಚ್ಚರ. ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ತುಂಬಿರುತ್ತಾರೆ. ಸ್ಪೈರೊನೊಲ್ಯಾಕ್ಟೋನ್ ಅಥವಾ ಟೆಲ್ಮಿಸಾರ್ಟಾನ್ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಮನೆಗೆ ತರಬೇಡಿ.

ಕಷಾಯಪ್ರಿಯ
ಇಂಗ್ಲಿಷ್ ಮಾತ್ರೆಯ ಮಾತೇ ಆಯಿತು. ಅತಿಮಧುರದ ಕಷಾಯ ದಿನಾ ಕುಡಿದರೆ ಅಡ್ರಿನಲ್ ಗ್ರಂಥಿಗೆ ಬಲ ಬರುತ್ತದೆ. ಯೂಟ್ಯೂಬ್‌ನಲ್ಲಿ ನೋಡಿದ್ದೇನೆ. ಭಾವನಿಗೆ ಕೊಡಿ.

ಡ್ಯೂಟಿ ಡಾಕ್ಟರ್
ದಯವಿಟ್ಟು ಕೊಡಬೇಡಿ!! ಈ ಚರ್ಚೆಯಲ್ಲಿ ಬಂದ ಅತ್ಯಂತ ಅಪಾಯಕಾರಿ ಸಲಹೆ ಇದೇ. ಅತಿಮಧುರದಲ್ಲಿರುವ ಗ್ಲಿಸಿರೈಜಿನ್ ಥೇಟ್ ಆಲ್ಡೋಸ್ಟೀರಾನ್ ಹೆಚ್ಚಾದ ಕಾಯಿಲೆಯನ್ನೇ ತಂದಿಡುತ್ತದೆ.

ಹೇಗೆಂದರೆ, ಜೀವಕೋಶದಲ್ಲಿ ಆಲ್ಡೋಸ್ಟೀರಾನ್ ಕೂರುವ ಗ್ರಾಹಕದಲ್ಲಿ (ರಿಸೆಪ್ಟರ್) ಅದೇ ಅಡ್ರಿನಲ್‌ನ ಇನ್ನೊಂದು ಹಾರ್ಮೋನಾದ ಕಾರ್ಟಿಸಾಲ್ ಕೂಡ ಕೂರಬಲ್ಲದು, ಮತ್ತು ರಕ್ತದಲ್ಲಿ ಕಾರ್ಟಿಸಾಲ್ ಪ್ರಮಾಣ ಆಲ್ಡೋಸ್ಟೀರಾನ್‌ಗಿಂತ ಬಹಳ ಪಾಲು ಹೆಚ್ಚು. ಮೂತ್ರಪಿಂಡದ ಜೀವಕೋಶದಲ್ಲಿರುವ ಒಂದು ಕಿಣ್ವ ಕಾರ್ಟಿಸಾಲ್ ಅನ್ನು ಒಳಗೆ ಬಂದ ಕೂಡಲೇ ನಿಷ್ಕ್ರಿಯಗೊಳಿಸುತ್ತದೆ. ಅತಿಮಧುರ ಆ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲ್ ಬಂದು ಆಲ್ಡೋಸ್ಟೀರಾನ್‌ನ ಜಾಗದಲ್ಲಿ ಕೂತು ಅದರ ಕೆಲಸವನ್ನೇ ಮಾಡುತ್ತದೆ. ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಪರೀಕ್ಷಿಸಿದರೆ ರೆನಿನ್ನೂ ಕಡಿಮೆ, ಆಲ್ಡೋಸ್ಟೀರಾನೂ ಕಡಿಮೆ. ಡಾಕ್ಟರು ತಲೆ ಕೆರೆದುಕೊಳ್ಳಬೇಕು, ರೋಗಿ ಕಷಾಯದ ಸುದ್ದಿ ಬಾಯಿಬಿಡುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ವಾರಗಟ್ಟಲೆ ದಿನಕ್ಕೆ ಒಂದೂವರೆ ಪೊಟ್ಟಣ ಅತಿಮಧುರದ ಮಿಠಾಯಿ ತಿಂದ 54 ವರ್ಷದ ಕಟ್ಟಡ ಕಾರ್ಮಿಕರೊಬ್ಬರು ಪೊಟ್ಯಾಸಿಯಂ ಕುಸಿದು ಹೃದಯ ನಿಂತು ತೀರಿಕೊಂಡರು. 2020ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು.

ಕಷಾಯಪ್ರಿಯ
ಮಿಠಾಯಿಗೂ ಕಷಾಯಕ್ಕೂ ವ್ಯತ್ಯಾಸವಿಲ್ಲವೇ? ನಮ್ಮ ಅಜ್ಜಿ ಕೆಮ್ಮಿಗೆ ಕೊಡುತ್ತಿದ್ದರು, ನಾವೆಲ್ಲ ಬದುಕಿಲ್ಲವೇ?

ಚಾಮುಂಡಿಪುರಂ ಅಕ್ಕ
ಅಜ್ಜಿ ಕೆಮ್ಮಿದ್ದಾಗ ನಾಲ್ಕು ದಿನ ಕೊಡುತ್ತಿದ್ದರು. ಯೂಟ್ಯೂಬಿನವರು ವರ್ಷಪೂರ್ತಿ ಕುಡಿಯಿರಿ ಎನ್ನುತ್ತಾರೆ. ಅಜ್ಜಿಯ ಹೆಸರನ್ನು ಇದಕ್ಕೆ ಎಳೆಯಬೇಡಿ.

ನಂಜನಗೂಡು ರಸಬಾಳೆ
ನಮ್ಮ ಚಿಕ್ಕಪ್ಪನದು ಇದಕ್ಕೆ ಪೂರ್ತಿ ಉಲ್ಟಾ. ಬಿಪಿ 90 ದಾಟುತ್ತಿರಲಿಲ್ಲ, ಎದ್ದು ನಿಂತರೆ ಕಣ್ಣು ಕತ್ತಲೆ. ಮೈ ಕಪ್ಪಾಗುತ್ತಾ ಬಂತು. ಗದ್ದೆ ಬಿಸಿಲು ಎಂದುಕೊಂಡೆವು, ಆದರೆ ಅಂಗೈ ಗೆರೆ, ವಸಡು ಕೂಡ ಕಪ್ಪಾದಾಗ ಅನುಮಾನ ಬಂತು. ಬಿಸಿಲು ಬಾಯಿಯೊಳಗೆ ಹೋಗುವುದಿಲ್ಲವಲ್ಲ. ಊಟಕ್ಕೆ ಕೂತರೆ ಉಪ್ಪನ್ನು ಬೆರಳಿನಲ್ಲಿ ಒತ್ತಿ ನೆಕ್ಕುತ್ತಿದ್ದರು, ಚಿಕ್ಕಮ್ಮ ಡಬ್ಬಿ ಬಚ್ಚಿಡುತ್ತಿದ್ದರು. ಕೊನೆಗೆ ತಿಳಿಯಿತು, ಕ್ಷಯ ಅಡ್ರಿನಲ್ ಗ್ರಂಥಿಗಳನ್ನೇ ತಿಂದುಹಾಕಿತ್ತು. ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು. ಅವರಿಗೆ ಡಾಕ್ಟರೇ ಉಪ್ಪು ತಿನ್ನಿ ಎಂದರು. ಈಗ ಆ ಗ್ರಂಥಿಯ ಹಾರ್ಮೋನುಗಳ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಮತ್ತು ಫ್ಲೂಡ್ರೋಕಾರ್ಟಿಸೋನ್ ಮಾತ್ರೆಯ ಮೇಲಿದ್ದಾರೆ, ಎಮ್ಮೆ ಕಟ್ಟಿಕೊಂಡು ಆರಾಮವಾಗಿದ್ದಾರೆ.

ನಿವೃತ್ತ ಮೇಷ್ಟ್ರು, ಕುವೆಂಪುನಗರ
ಅಡಿಸನ್ ಕಾಯಿಲೆ. ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲೇ ವಿವರಿಸಿದ್ದರು, ಹಾರ್ಮೋನು ಎಂಬ ಕಲ್ಪನೆಯೇ ಇಲ್ಲದಿದ್ದ ಕಾಲ. ಆಗಲೂ ಕ್ಷಯವೇ ಮುಖ್ಯ ಕಾರಣವಾಗಿತ್ತು. ನಿಮ್ಮ ಚಿಕ್ಕಮ್ಮನಿಗೆ ಹೇಳಿ, ಉಪ್ಪಿನ ಡಬ್ಬಿ ಹುಡುಕುತ್ತಿದ್ದದ್ದು ಚಿಕ್ಕಪ್ಪನ ಚಪಲವಲ್ಲ, ದೇಹ ಕೇಳುತ್ತಿತ್ತು.

ಗೊಂದಲ ಗಂಗೋತ್ರಿ
ಆಸ್ತಮಾಕ್ಕೆಂದು ಸ್ಟೀರಾಯ್ಡ್ ಮಾತ್ರೆ ಬಹಳ ಕಾಲ ನುಂಗಿ ಥಟ್ಟನೆ ಬಿಟ್ಟರೂ ಅಡ್ರಿನಲ್ ನಿಲ್ಲುತ್ತದೆ ಎನ್ನುತ್ತಾರೆ. ಆಗಲೂ ಪೊಟ್ಯಾಸಿಯಂ ಏರುತ್ತದೆಯೇ?

ಡ್ಯೂಟಿ ಡಾಕ್ಟರ್
ಸಾಮಾನ್ಯವಾಗಿ ಇಲ್ಲ. ಅಲ್ಲಿ ಕಾರ್ಟಿಸಾಲ್ ನಿಲ್ಲುತ್ತದೆ, ಏಕೆಂದರೆ ಅದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಆಜ್ಞೆಗೆ ಕಾಯುತ್ತದೆ. ಆಲ್ಡೋಸ್ಟೀರಾನ್ ಮುಖ್ಯವಾಗಿ ರೆನಿನ್ ಮತ್ತು ಪೊಟ್ಯಾಸಿಯಂ ಮಾತು ಕೇಳುವುದರಿಂದ ಉಳಿದುಕೊಳ್ಳುತ್ತದೆ. ಹಾಗೆಂದು ಥಟ್ಟನೆ ಬಿಡಬೇಡಿ, ಕಾರ್ಟಿಸಾಲ್ ಇಲ್ಲದೆಯೂ ಪ್ರಾಣಕ್ಕೆ ಅಪಾಯವೇ.

ಹೊಳೆದಂಡೆ, ಶ್ರೀರಂಗಪಟ್ಟಣ
ಎಲ್ಲರಿಗೂ ನಮಸ್ಕಾರ. ಪೊಟ್ಯಾಸಿಯಂ ಸರಿಪಡಿಸಿಕೊಂಡು, ಉಪ್ಪು ಬಿಡದೆ, ಲ್ಯಾಬ್‌ನವರು ಹೇಳಿದ ಹಾಗೆಯೇ ಪರೀಕ್ಷೆ ಮಾಡಿಸಿದೆವು. ಆಲ್ಡೋಸ್ಟೀರಾನ್ 28, ರೆನಿನ್ ಅಳತೆಗೇ ಸಿಗದಷ್ಟು ಕಡಿಮೆ. ಅಕ್ಕ ಆ ಕಾಗದ ಹಿಡಿದು "ಉಪ್ಪಿನಕಾಯಿ ತಪ್ಪಿಸಿಕೊಂಡಿತು" ಎಂದಳು. ಇನ್ನೂ ಒಂದು ಖಾತ್ರಿ ಪರೀಕ್ಷೆ ಬೇಕಾಗಬಹುದು, ಸಲೈನ್ ಏರಿಸಿ ನೋಡುತ್ತಾರೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಹೌದೇ?

ಡ್ಯೂಟಿ ಡಾಕ್ಟರ್
ಅನುಮಾನದ ಅಂಕಿಗಳಿದ್ದವರಿಗೆ ಅದು ಬೇಕು. ರೆನಿನ್ ಕಾಣದಷ್ಟು ಕಡಿಮೆ, ಆಲ್ಡೋಸ್ಟೀರಾನ್ 20ಕ್ಕಿಂತ ಮೇಲೆ, ಜೊತೆಗೆ ಕ್ಲೋರ್ಥಾಲಿಡೋನ್‌ನಂಥ ನೀರಿಳಿಸುವ ಮಾತ್ರೆ ಇಲ್ಲದೆಯೇ ಪೊಟ್ಯಾಸಿಯಂ ಬಿದ್ದಿತ್ತು ಎಂದರೆ ಸಾಮಾನ್ಯವಾಗಿ ಖಾತ್ರಿ ಪರೀಕ್ಷೆಯ ಅಗತ್ಯವಿಲ್ಲ. ಬೀರುವಿನಲ್ಲಿ ಸಿಕ್ಕಿತಲ್ಲ ಆ 3.1ರ ಹಳೆಯ ಚೀಟಿ, ಅದನ್ನು ಮರೆಯದೆ ತೋರಿಸಿ. ಮುಂದಿನದು ಸಿಟಿ ಸ್ಕ್ಯಾನ್, ಆಮೇಲೆ ಒಂದು ಕಡೆಯೋ ಎರಡೂ ಕಡೆಯೋ ಎಂಬ ತೀರ್ಮಾನ. ಒಂದೇ ಕಡೆಯಾದರೆ ಶಸ್ತ್ರಚಿಕಿತ್ಸೆ. ಎರಡೂ ಕಡೆಯಾದರೆ ಸ್ಪೈರೊನೊಲ್ಯಾಕ್ಟೋನ್, ಜೀವನಪೂರ್ತಿ. ಶಸ್ತ್ರಚಿಕಿತ್ಸೆಯಾದ ಮೇಲೆ ಪೊಟ್ಯಾಸಿಯಂ ಬಹುತೇಕ ಎಲ್ಲರಿಗೂ ಸರಿಹೋಗುತ್ತದೆ. ಬಿಪಿ ಮಾತ್ರೆಯನ್ನು ಪೂರ್ತಿ ಬಿಡುವ ಭಾಗ್ಯ ಎಲ್ಲರಿಗೂ ಇಲ್ಲ, ಬಹಳ ವರ್ಷದ ಬಿಪಿಯಾದರೆ ಇನ್ನೂ ಕಷ್ಟ.

ಬೋಗಾದಿ ಬಸ್
ನಮ್ಮ ತಂದೆಗೆ ಬಿಪಿ ಕಡಿಮೆಯೇ ಇದೆ, ಹೃದಯ ಸೋತಿದೆ. ಆದರೂ ಸ್ಪೈರೊನೊಲ್ಯಾಕ್ಟೋನ್ ಕೊಟ್ಟಿದ್ದಾರೆ. ತಪ್ಪಾಗಿ ಕೊಟ್ಟರೇ? ಎದೆಯ ಮೊಲೆತೊಟ್ಟಿನ ಹತ್ತಿರ ನೋವು, ಊತ ಎನ್ನುತ್ತಾರೆ, ಹೇಳಿಕೊಳ್ಳಲು ನಾಚಿಕೆ ಬೇರೆ.

ಡ್ಯೂಟಿ ಡಾಕ್ಟರ್
ತಪ್ಪಾಗಿ ಕೊಟ್ಟಿಲ್ಲ. ಆಲ್ಡೋಸ್ಟೀರಾನ್ ಹೃದಯದ ಸ್ನಾಯುವಿನ ನಡುವೆ ನಾರು ಬೆಳೆಸಿ ಗಡುಸು ಮಾಡುತ್ತದೆ. ತೀವ್ರ ಹೃದಯ ವೈಫಲ್ಯದವರಿಗೆ ಸ್ಪೈರೊನೊಲ್ಯಾಕ್ಟೋನ್ ಸೇರಿಸಿದಾಗ ಸಾವಿನ ಅಪಾಯ ಶೇ 30ರಷ್ಟು ಇಳಿಯಿತು ಎಂದು 1999ರಲ್ಲಿ ದೊಡ್ಡ ಅಧ್ಯಯನವೊಂದು ತೋರಿಸಿತು. ಎದೆ ನೋಯುವುದು ಆ ಮಾತ್ರೆಯ ಪರಿಚಿತ ಅಡ್ಡಪರಿಣಾಮ, ಅದು ಗಂಡಸರ ಹಾರ್ಮೋನಿನ ದಾರಿಗೂ ಅಡ್ಡ ನಿಲ್ಲುತ್ತದೆ. ನಾಚಿಕೊಂಡು ತಾವಾಗಿ ನಿಲ್ಲಿಸದಿರಲಿ, ವೈದ್ಯರಿಗೆ ಹೇಳಲಿ. ಎಪ್ಲೆರಿನೋನ್ ಎಂಬ ಬದಲಿ ಇದೆ, ಅದರಲ್ಲಿ ಈ ತೊಂದರೆ ಬಹಳ ಕಡಿಮೆ.

ಚಾಮುಂಡಿಪುರಂ ಅಕ್ಕ
@ಹೊಳೆದಂಡೆ, ಅಕ್ಕನ ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕೇ ಎಂದು ನಿಮ್ಮ ಮನೆಯಲ್ಲೂ ಈಗ ಚರ್ಚೆ ಶುರುವಾಗಿರುತ್ತದೆ. ನಮ್ಮಲ್ಲಿ ಆಗಿತ್ತು. ಹೆಚ್ಚಿನದು ವಂಶಪಾರಂಪರ್ಯವಲ್ಲ, ಮನೆತನದಲ್ಲಿ ಎಳೆಯ ವಯಸ್ಸಿಗೇ ಬಿಪಿ ಅಥವಾ ನಲವತ್ತರೊಳಗೆ ಪಾರ್ಶ್ವವಾಯು ಬಂದವರಿದ್ದರೆ ಮಾತ್ರ ಹೇಳಿ ಎಂದರು ನಮ್ಮ ಡಾಕ್ಟರು.

ಹೊಳೆದಂಡೆ, ಶ್ರೀರಂಗಪಟ್ಟಣ
ಭಾವನ ಅಣ್ಣನಿಗೆ 38ಕ್ಕೇ ಪಾರ್ಶ್ವವಾಯು ಆಗಿತ್ತು ಅಕ್ಕ. ಅದನ್ನು ಡಾಕ್ಟರಿಗೆ ಯಾರೂ ಹೇಳಿಲ್ಲ, ಅವರೂ ಕೇಳಿಲ್ಲ.

ಡ್ಯೂಟಿ ಡಾಕ್ಟರ್
ನಾಳೆಯೇ ಹೇಳಿ. ಆ ಅಣ್ಣನ ಬಿಪಿ, ಪೊಟ್ಯಾಸಿಯಂ ಎರಡನ್ನೂ ನೋಡಿಸಿ, ಅವರಿಗೂ ಇದೇ ಪರೀಕ್ಷೆ ಬೇಕು. ಅವರು ಸ್ಪೈರೊನೊಲ್ಯಾಕ್ಟೋನ್ ನುಂಗುತ್ತಿದ್ದರೆ ಮಾತ್ರೆಯ ಹಾಳೆಯನ್ನು ಜೊತೆಗೆ ಒಯ್ಯಿರಿ.